ಹೊಸ ಡ್ರಮ್ಮಿನ ಕೆಂಪು

ಈರಣ್ಣ ಗೇರು ಹಾಕಿ ಕ್ಲಚ್ಚು ಬಿಟ್ಟರೂ ಟ್ಯಾಕ್ಸಿ ಕದಲಲಿಲ್ಲ. ಮತ್ತೊಮ್ಮೆ ಬಿಟ್ಟಾಗ ಹಿಂದಿನ ಗಾಲಿಯಲ್ಲಿ ಖಟ್ಟೆಂದು ಏನೋ ಕಿತ್ತುಕೊಂಡ ಸದ್ದಾಗಿ ಗಾಡಿ ಮುಗ್ಗರಿಸಿ ಮುಂದೆ ಹೋಯಿತು. ಬ್ರೇಕು ತುಳಿದರೆ ಬೀಸುವ ಕಲ್ಲಿಗೆ ಮರಳು ಹಾಕಿದಂಥ ಗರಗರ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಕಾಂತಾ ಅಂಗಳಕ್ಕೆ ಇಳಿದು ಬಂದಳು.

"ಗಾಲಿ ಬಿಚ್ಚಿ ನೋಡ್ರಿ. ಹಂಗ ಹೋಗಬ್ಯಾಡ್ರಿ."

ಅವಳ ಅಂಜಿಕೆಗೆ ಕಾರಣವಿತ್ತು. ಹೋದ ತಿಂಗಳು ಕಣಕುಂಬಿಯ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಈರಣ್ಣ ಗಾಡಿಯನ್ನು ಮಣ್ಣಿನ ದಿನ್ನೆಗೆ ಗುದ್ದಿ ನಿಲ್ಲಿಸಿದ್ದ. ಭುಜದ ನೋವು ಇನ್ನೂ ಹೋಗಿರಲಿಲ್ಲ. ಮೊನ್ನೆ, ಅಮಾವಾಸ್ಯೆಯ ಹಿಂದಿನ ದಿನವಷ್ಟೇ, ಬೆಳಗಾವಿಯ ಶಬ್ಬೀರನ ಗ್ಯಾರೇಜಿನಲ್ಲಿ ಬ್ರೇಕಿಗೆ ಹೊಸ ಡ್ರಮ್ಮು, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಹೊಸ ಲೈನರು ಹಾಕಿಸಿಕೊಂಡು ಬಂದಿದ್ದ. ಇವತ್ತು ಸಂಜೆ ಅದೇ ಇಳಿಜಾರಿನಲ್ಲಿ ಮದುವೆಯ ಮಂದಿಯನ್ನು ಕರೆದೊಯ್ಯಬೇಕು.

ಗಾಲಿ ಬಿಚ್ಚಿ ಡ್ರಮ್ಮು ಎಳೆದರೆ ಒಳಗೆಲ್ಲ ಕೆಂಪು. ಕಾಂತಾ ಬೆರಳಾಡಿಸಿದಳು, ಇಟ್ಟಂಗಿಯ ಪುಡಿಯಂತೆ ತುಕ್ಕು ಹತ್ತಿತು.

"ಹೊಸಾದಕ್ಕ ಇಷ್ಟರಾಗ ತುಕ್ಕು?" ಈರಣ್ಣನ ದನಿ ಇಳಿಯಿತು.

ಶಬ್ಬೀರ ಅವನ ಜೊತೆ ಸಾಲಿ ಕಲಿತವನು. ಹಳೆಯ ಡ್ರಮ್ಮಿಗೆ ಪಾಲಿಶ್ ಹೊಡೆದು ಹಾಕಿದನೇ ಎಂಬ ಮಾತು ಇಬ್ಬರ ಬಾಯಿಯವರೆಗೂ ಬಂತು, ಯಾರೂ ಆಡಲಿಲ್ಲ. ನಿನ್ನೆ ತಾನೇ ತೊಳೆದು ವಿಭೂತಿ ಹಚ್ಚಿ ಪೂಜಿಸಿದ ಗಾಡಿಗೆ ಏನೂ ಆಗುವುದಿಲ್ಲ, ಕಾಲೇಜು ಕಲಿತ ಸೊಸೆಗೆ ಎಲ್ಲದರಲ್ಲೂ ಸಂಶಯ ಎಂದು ಅತ್ತೆ ಶಿವಲಿಂಗವ್ವ ಒಳಗಿನಿಂದ ಗೊಣಗಿದಳು.

ಕಾಂತಾ ಕೆಂಪಾದ ಬೆರಳನ್ನು ಚಿಂದಿಗೆ ಒರೆಸಿಕೊಂಡಳು. ಮದುವೆಯವರು ಹತ್ತುವ ಮೊದಲು ಬೆಳಗಾವಿಗೆ ಹೋಗಿ ಶಬ್ಬೀರನನ್ನೇ ಕೇಳೋಣ, ತಾನೂ ಬರುತ್ತೇನೆ ಎಂದಳು. ಆ ದಾರಿಯಲ್ಲಿ ಘಟ್ಟವಿಲ್ಲ, ಸಾವಕಾಶ ಹೊಡೆದರಾಯಿತು ಎಂದು ಈರಣ್ಣ ಒಪ್ಪಿ ಗಾಲಿಯನ್ನು ಮತ್ತೆ ಕೂಡಿಸಿದ.

ದಾರಿಯುದ್ದಕ್ಕೂ ಅವಳು ಶಬ್ಬೀರನಿಗೆ ಆಡಬೇಕಾದ ಮಾತನ್ನು ಒಳಗೇ ತೂಗುತ್ತಿದ್ದಳು. ಚುರುಕು ಮುಟ್ಟಬೇಕು, ಗಂಡನ ಗೆಳೆತನವೂ ಮುರಿಯಬಾರದು. ಬ್ರೇಕು ಒತ್ತಿದಾಗಲೆಲ್ಲ ಆ ಮಾತು ತಪ್ಪಿ ಕಿವಿ ಹಿಂದಿನ ಗಾಲಿಗೆ ಹೋಗುತ್ತಿತ್ತು. ಖಾನಾಪುರ ದಾಟುವಾಗ ಗರಗರ. ಎತ್ತಿನ ಬಂಡಿ ಅಡ್ಡ ಬಂದಾಗಲೂ ಗರಗರ, ಆದರೆ ತುಸು ಮೆತ್ತಗೆ. ಆಸೆಗೆ ಹಾಗೆ ಕೇಳಿಸಿತೇನೋ ಎಂದುಕೊಂಡಳು. ರೈಲ್ವೆ ಗೇಟಿನ ಮುಂದೆ ನಿಲ್ಲಿಸುವಾಗ ಬರೀ ಸೀರೆ ಸರಿದಷ್ಟು ಸದ್ದು.

"ಇನ್ನೊಮ್ಮೆ ಒತ್ರಿ," ಅಂದಳು.

"ನಿಂತ ಗಾಡೀಗೆ ಎಷ್ಟಂತ ಒತ್ತಲಿ?"

"ಹೊಂಟ ಮ್ಯಾಲ ಒತ್ರಿ."

ಮಚ್ಛೆಯಲ್ಲಿ ಕಾರಖಾನೆಯ ಪಾಳಿ ಬಿಟ್ಟು ಸೈಕಲ್ಲುಗಳು ರಸ್ತೆ ತುಂಬಿದ್ದವು. ಈರಣ್ಣ ಬ್ರೇಕು ಒತ್ತಿದ. ಗಾಡಿ ಸದ್ದಿಲ್ಲದೆ, ನೆಟ್ಟಗೆ ನಿಂತಿತು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಬೆಳಗಾವಿ ಶಹಾಪುರದ ಗ್ಯಾರೇಜಿನಲ್ಲಿ ಶಬ್ಬೀರ ಬಸಿಯಲ್ಲಿ ಚಹಾ ಆರಿಸುತ್ತ ಎದುರಾದ. ಪೇಟೆಯಲ್ಲಿ ಕೆಲಸವಿತ್ತು ಎಂದು ಈರಣ್ಣ ಜಾರಿಕೊಳ್ಳಲು ನೋಡಿದ. ಕಾಂತಾಳಿಗೆ ಅದು ಸರಿಬರಲಿಲ್ಲ. ಅಷ್ಟು ತೂಗಿದ್ದ ಮಾತೆಲ್ಲ ಎಲ್ಲಿ ಹೋಯಿತೋ.

"ಡ್ರಮ್ಮಿನಾಗ ತುಕ್ಕು ಬಂದಿತ್ತು, ಶಬ್ಬೀರಣ್ಣ. ಹಳೇದು ಹಾಕೀರೇನೋ ಅಂದ್ಕೊಂಡ್ವಿ. ಒಮ್ಮೆ ಬಿಚ್ಚಿ ತೋರಸ್ರಿ."

ಶಬ್ಬೀರನ ಮುಖ ಗಳಿಗೆ ಹೊತ್ತು ಸಣ್ಣದಾಯಿತು. ಬಸಿ ಕೆಳಗಿಟ್ಟು ಜಾಕು ತಂದ. ಡ್ರಮ್ಮು ಹೊರಬಂತು. ಲೈನರು ತಾಗುವಷ್ಟು ಅಗಲ ಬೆಳ್ಳಗೆ ಹೊಳೆಯುತ್ತಿತ್ತು. ತಾಗದ ಅಂಚಿನಲ್ಲಿ ಮಾತ್ರ ಒಂದು ಕೆಂಪು ಗೆರೆ. ದಾರಿಯಲ್ಲಿ ಒತ್ತಿ ಒತ್ತಿ ಬಂದ ಬ್ರೇಕೇ ಮೇಲಿನ ತುಕ್ಕನ್ನು ತಿಕ್ಕಿ ತೆಗೆದಿದೆಯೆಂದು ಕಾಂತಾಳಿಗೆ ನೋಡುತ್ತಲೇ ತಿಳಿಯಿತು.

"ನೀರು ಹೊಡದು ನಿಲ್ಲಿಸಿದ್ರೇನು?" ಶಬ್ಬೀರ ಕೇಳಿದ.

"ನಿನ್ನಿ ಅಮಾಸಿ ಇತ್ತಲ್ಲಲೇ. ಅವ್ವ ಗಾಲಿ ಮ್ಯಾಲ ಕೊಡಗಟ್ಟಲೆ ಸುರುವಿದ್ಲು. ಅವತ್ತ ಗಾಡಿ ಹೊರಗ ತಗೀಬಾರದಂತ. ಹ್ಯಾಂಡ್‌ಬ್ರೇಕ್ ಎಳದು ರಾತ್ರಿಯೆಲ್ಲಾ ಹಂಗ ನಿಲ್ಲಿಸಿದ್ದೆ."

"ತೊಳದ್ರ ಒಂದು ಸುತ್ತು ಹೊಡದು ಒಣಗಿಸಬೇಕಪ. ಇಲ್ಲಂದ್ರ ಹೊಸಾದಾದ್ರೂ ಒಂದ ರಾತ್ರ್ಯಾಗ ತುಕ್ಕು ಹಿಡದು ಲೈನರು ಅಂಟತೈತಿ. ಅವ್ವನ ಪೂಜಿಗೆ ನನ್ನ ಮಾನ ಹೋಗತಿತ್ತು." ಶಬ್ಬೀರ ನಕ್ಕು ಕಾಂತಾಳ ಕಡೆ ತಿರುಗಿದ. "ಕೇಳಿದ್ದು ಬೇಷಾತು, ವೈನಿ. ಮನಸಿನ್ಯಾಗ ಇಟ್ಕೊಂಡು ಕುಂತಿದ್ರ ನನಗೆಲ್ಲಿ ತಿಳೀತಿತ್ತು?"

ಅವಳಿಗೂ ಚಹಾ ಬಂತು.

ಮರಳುವಾಗ ಮಚ್ಛೆ ದಾಟಿದ ಮೇಲೆ, ಇದನ್ನೆಲ್ಲ ಅವ್ವಗೆ ಯಾರು ಹೇಳುವುದು ಎಂದು ಈರಣ್ಣ ಕೇಳಿದ. ತಿರುಗಿ ನೋಡಿದ. ಕಾಂತಾ ಕಿಟಕಿಗೆ ತಲೆಯಾನಿಸಿ, ಬಾಯಿ ತುಸು ತೆರೆದು ನಿದ್ದೆ ಹೋಗಿದ್ದಳು. ಮುಂದೆ ಎಮ್ಮೆಗಳ ಹಿಂಡು ರಸ್ತೆ ದಾಟುತ್ತಿತ್ತು. ಅವಳಿಗೆ ಎಚ್ಚರವಾಗದಂತೆ ಅವನು ಮೆಲ್ಲಗೆ ಬ್ರೇಕು ಒತ್ತಿದ.