ಹಣೆಯ ಹಳದಿ

ಊರಿನ ಬಸ್ಸಿಗೆ ಇನ್ನು ಇಪ್ಪತ್ತೇ ನಿಮಿಷ. ಉಡುಪಿಯ ಫೋಟೋ ಸ್ಟುಡಿಯೋದಲ್ಲಿ ಕುರ್ಚಿ ಕೊಟ್ಟರೂ ಕೂರದೆ ರಾಚವ್ವ ಕಂಪ್ಯೂಟರ್ ಮುಂದಿದ್ದ ಭವ್ಯಶ್ರೀಯ ಬೆನ್ನ ಹಿಂದೆಯೇ ನಿಂತಿದ್ದಳು. ಆ ಉಸಿರು ಕುತ್ತಿಗೆಗೆ ತಾಗಿದಾಗಲೆಲ್ಲ ಭವ್ಯಶ್ರೀಗೆ ಕಿರಿಕಿರಿ, ಒಳಗೊಳಗೇ ಅಳುಕು. ಮಣಿಪಾಲದಲ್ಲಿ ಕಟ್ಟಡದಿಂದ ಬಿದ್ದು ಸತ್ತ ಗಂಡ ಬೀರಪ್ಪನದು ರಾಚವ್ವನ ಬಳಿ ಒಂದು ಫೋಟೋವೂ ಇರಲಿಲ್ಲ. ಜೊತೆಯ ಗಾರೆಯವನೊಬ್ಬ ಹಿಂದೆಂದೋ ಬಿಡಿಸಿದ್ದ ಪೆನ್ಸಿಲ್ ಚಿತ್ರವೇ ಗತಿ. ನಾಳೆ ಊರಿನಲ್ಲಿ ತಿಥಿ. ಆ ಚಿತ್ರಕ್ಕೇ ಬಣ್ಣ ತುಂಬಿಸಿ ಪೂಜೆಗೆ ಇಡಬೇಕು.

ಭವ್ಯಶ್ರೀ ಫೋಟೋಶಾಪಿನಲ್ಲಿ ಗಡಿಬಿಡಿಯಿಂದ ಕೆನ್ನೆಗೆ, ಮೀಸೆಗೆ, ರುಮಾಲಿಗೆ ಬಣ್ಣ ಹಾಕಿದಳು. ಹಣೆಯ ಮೇಲೆ ಮಸಿ ಮೆತ್ತಿದಂತಿದ್ದ ಕಲೆಯನ್ನೂ ನೀಟಾಗಿ ಅಳಿಸಿ, "ನೋಡಿ ಅಮ್ಮಾ, ಚಂದ ಉಂಟಲ್ವಾ?" ಎಂದಳು.

"ಇಂವ ಯಾರ್ರಿ?" ರಾಚವ್ವ ಪರದೆಯತ್ತ ಬಾಗಿದಳು. "ಹಣೀ ಮ್ಯಾಲಿನ ಭಂಡಾರ ಯಾಕ ಅಳಿಸಿದ್ರಿ?"

"ಎಂತ ಭಂಡಾರ? ನಾನು ಕೊಳೆ ಅಂದುಕೊಂಡೆ..."

ರಾಚವ್ವ ಸೆರಗಿನ ಗಂಟು ಬಿಚ್ಚಿದಳು. ದೇವರ ಗುಡಿಯ ಭಂಡಾರ, ಆ ಅರಿಶಿನದ ಪುಡಿಯನ್ನು ಹೆಬ್ಬೆರಳಿಗೆ ಮೆತ್ತಿಕೊಂಡು, ಭವ್ಯಶ್ರೀ ತಡೆಯುವಷ್ಟರಲ್ಲಿ, ಪರದೆಯ ಗಾಜಿನ ಮೇಲೆ ಬೀರಪ್ಪನ ಹಣೆಗೆ ಒತ್ತಿಬಿಟ್ಟಳು.

"ಈಗ ನಮ್ಮನಿಯವ್ರು ಆದ್ರು," ಎಂದಳು. "ಇದನ್ನ ಅಳಸ್ರಿ ನೋಡೋಣು."