ಸಿರಾಕೂಸಾದ ಕಡಲ ದಾರಿ

ಇಸಾಬೆಲ್ ಸೈಕಲ್ ಕಲಿತದ್ದು ಐವತ್ತೆರಡನೇ ವಯಸ್ಸಿನಲ್ಲಿ, ಕುವೈತಿನ ಗಲ್ಫ್ ರೋಡಿನ ಕಡಲ ಬದಿಯಲ್ಲಿ. ರಜಾದಿನವಾದ ಶುಕ್ರವಾರ ಚರ್ಚಿನ ಪೂಜೆ ಮುಗಿದ ಮೇಲೆ ಗಂಡ ಕೊನ್ರಾಡ್ ಸೈಕಲಿನ ಸೀಟು ಹಿಡಿದು ಹಿಂದಿನಿಂದ ಓಡುತ್ತಿದ್ದ. ವಾಕಿಂಗಿಗೆ ಬಂದ ಅರಬ್ ಹೆಂಗಸರು ನಿಂತು ನೋಡುತ್ತಿದ್ದರು. ಒಮ್ಮೆ ಒಬ್ಬಾಕೆ "ಯಲ್ಲಾ, ಯಲ್ಲಾ" ಎಂದು ಹುರಿದುಂಬಿಸಿ ಚಪ್ಪಾಳೆಯನ್ನೂ ತಟ್ಟಿದ್ದಳು.

ಕಲಿಯಲು ಕಾರಣ ಸಿಸಿಲಿಯ ಸಿರಾಕೂಸಾ. ಗ್ರೀಕರು ಕಟ್ಟಿದ ಆ ಊರಿನ ಹಳೆಯ ಭಾಗ ಒರ್ತೀಜಿಯಾ, ಸೇತುವೆ ದಾಟಿ ತಲುಪುವ ಸಣ್ಣ ದ್ವೀಪ. ಅಲ್ಲಿಂದ ಹೊರಟು, ರೈಲು ನಿಂತುಹೋದ ಹಳೆಯ ಮಾರ್ಗದಲ್ಲಿ ಮಾಡಿರುವ ಸೈಕಲ್ ದಾರಿ ಹಿಡಿದು ಉತ್ತರಕ್ಕೆ ಸಾಗಿದರೆ, ಬಲಗಡೆ ಬಂಡೆಗಳ ಕೆಳಗೆ ಕಡಲು. ದಾರಿ ಮುಗಿದಲ್ಲಿ ತಿರುಗಿ ಊರೊಳಗಿಂದ ಒರ್ತೀಜಿಯಾಕ್ಕೆ ಮರಳಬಹುದು. ಇಡೀ ಸುತ್ತಿಗೆ ಅರ್ಧ ದಿನವೂ ಬೇಡ. ಇಸಾಬೆಲ್ ನರ್ಸ್ ಆಗಿರುವ ಸರಕಾರಿ ಆಸ್ಪತ್ರೆಯ ಟೀವಿಯಲ್ಲಿ ಅದನ್ನು ನೋಡಿದ್ದಳು. ಆ ದಾರಿಯಲ್ಲಿ ಇಬ್ಬರೂ ಒಟ್ಟಿಗೆ ಸೈಕಲ್ ತುಳಿಯಬೇಕೆಂಬುದು ಅವಳ ಆಸೆ.

ಮದುವೆಯಾದಂದಿನಿಂದ ಅವರು ರಜೆಯಲ್ಲಿ ತಮ್ಮೂರು ಮಂಗಳೂರನ್ನು ಬಿಟ್ಟು ಬೇರೆಲ್ಲಿಗೂ ಹೋದವರಲ್ಲ. ಹಿಂದೆ ಎರಡು ಸಲ ಪ್ರವಾಸಕ್ಕೆ ಹೊರಟಾಗ ಕೊನ್ರಾಡನ ಕಂಪನಿಯಲ್ಲಿ ಕಟ್ಟಡ ಹಸ್ತಾಂತರದ ಗಡಿಬಿಡಿ ಇತ್ತು. ಕಟ್ಟಡಗಳ ಅಳತೆ, ಬಿಲ್ಲು ನೋಡುವ ಕೆಲಸ ಅವನದು. ಯಾರೂ ಕೇಳದಿದ್ದರೂ ತಾನಾಗಿ ರಜೆ ರದ್ದು ಮಾಡಿದ್ದ. "ನಾನಿಲ್ಲದಿದ್ದರೆ ಬಿಲ್ಲು ಪಾಸಾಗುವುದಿಲ್ಲ" ಎಂದು ಹೆಂಡತಿಗೆ ಹೇಳುವಾಗ ದನಿಯಲ್ಲಿ ಬೇಸರಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು.

ಈ ಸಲ ಅಕ್ಟೋಬರಿನ ರಜೆ ಮಂಜೂರಾಗಿತ್ತು, ವೀಸಾ ಸಿಕ್ಕಿತ್ತು. ಉಳಿದದ್ದು ಎಕ್ಸಿಟ್ ಪರ್ಮಿಟ್. 2025ರ ಜುಲೈಯಿಂದ ಖಾಸಗಿ ಕಂಪನಿಗಳ ವಿದೇಶಿ ನೌಕರರು ಕುವೈತ್ ಬಿಟ್ಟು ಹೊರಡಬೇಕಾದರೆ ಅದು ಬೇಕು. ರಜೆ ಮಂಜೂರಾಗಿದ್ದರೆ ಸಾಲದು. ಮೊಬೈಲಿನಲ್ಲಿ ಅರ್ಜಿ ಹಾಕಬೇಕು, ಕಂಪನಿ ಒಪ್ಪಬೇಕು. ಇಸಾಬೆಲ್‌ಗೆ ಅವಳ ಇಲಾಖೆಯ ಅನುಮತಿ ಬಂದಾಗಿತ್ತು.

ಗುರುವಾರ ಊಟದ ಹೊತ್ತಿಗೆ ಕೊನ್ರಾಡ್ ಪ್ರಾಜೆಕ್ಟ್ ಮ್ಯಾನೇಜರ್ ಅಮರೇಶನ ಎದುರು ಮೊಬೈಲ್ ಹಿಡಿದ. ಅಮರೇಶ ರಾಯಚೂರಿನವನು. ವರ್ಷಗಳಿಂದ ಇಬ್ಬರದೂ ಒಂದೇ ಮೇಜಿನ ಊಟ.

"ಇನ್ನೂ ಪೆಂಡಿಂಗ್ ತೋರಿಸ್ತಾ ಉಂಟಲ್ಲ ಮಾರಾಯ್ರೆ. ನಾಳೆ ಫ್ಲೈಟ್."

"ಏ, ಅದಕ್ಯಾಕ ಅಷ್ಟ್ ತಲಿ ಕೆಡಿಸ್ಕೋತೀರಿ? ಆಫೀಸಿಗೆ ಹೇಳೀನಿ. ಸಂಜೀಕ ಒಪ್ಪಿಗಿ ಬಟನ್ ಒತ್ತತಾರ."

"ಮರೆತರೆ?"

"ನಾ ಅದೀನಲ್ರೀ! ನೀವು ಸೈಕಲ್ ಮ್ಯಾಲಿಂದ ಬಿದ್ದು ಕೈ ಮುರ್ಕೊಂಡ್ ಬರಬ್ಯಾಡ್ರಿ, ಅಷ್ಟ ಸಾಕು. ಹಲ್ಲು ಹೋದ್ರ ಹೋಗ್ಲಿ, ಬಿಲ್ಲಿಗೆ ಸಹಿ ಮಾಡಾಕ ಹಲ್ಲು ಬೇಕಿಲ್ಲ."

ಕೊನ್ರಾಡ್ ನಕ್ಕ.

ಶುಕ್ರವಾರ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ ಪರದೆಯಿಂದ ಕಣ್ಣೆತ್ತದೆ, "ಪರ್ಮಿಟ್ ಇಲ್ಲ" ಎಂದ. ಕೊನ್ರಾಡ್ ಮೊಬೈಲ್ ತೆರೆದ. ಅರ್ಜಿಯನ್ನು ಕಂಪನಿ ತಿರಸ್ಕರಿಸಿತ್ತು. ಅಮರೇಶನಿಗೆ ಮತ್ತೆ ಮತ್ತೆ ಫೋನ್ ಮಾಡಿದ. ರಿಂಗ್ ಆಗುತ್ತಿತ್ತು, ಎತ್ತುವವರಿರಲಿಲ್ಲ.

"ನಡಿ ಇಸಾ, ಮನೆಗೆ ಹೋಗುವ. ರಜೆ ಮುಂದೆ ಹಾಕಿದರಾಯ್ತು."

"ನನಗೆ ಅನುಮತಿ ಉಂಟಲ್ಲ."

"ಉಂಟು. ಒಬ್ಬಳೇ ಹೋಗಿ ಎಂತ ಮಾಡ್ತಿ? ಭಾಷೆ ಬರುವುದಿಲ್ಲ, ದಾರಿ ಗೊತ್ತಿಲ್ಲ."

"ಇಲ್ಲಿಗೆ ಬರುವಾಗ ನನಗೆ ಅರಬಿ ಬರ್ತಿತ್ತಾ?"

"ಹಟ ಮಾಡಬೇಡ. ಇಬ್ಬರೂ ಒಟ್ಟಿಗೆ ಅಂತ ಅಲ್ಲವಾ ನಾವು—"

"ಎರಡು ಸಲ ನೀನಾಗಿಯೇ ಬಿಟ್ಟೆ, ಕೊನ್ರಾಡ್. ಆಗ ಯಾರೂ ನಿನ್ನನ್ನು ತಡೆದಿರಲಿಲ್ಲ."

ಅವಳು ಪಾಸ್‌ಪೋರ್ಟ್ ಮುಂದೆ ಚಾಚಿದಳು. ಅಧಿಕಾರಿ ನೋಡಿ ಮರಳಿಸಿದ. ಇಬ್ಬರ ಬಟ್ಟೆಯೂ ಇದ್ದ ಒಂದೇ ಪೆಟ್ಟಿಗೆ ಅವಳ ಹೆಸರಿನಲ್ಲಿ ಆಗಲೇ ಲಗೇಜಿಗೆ ಹೋಗಿತ್ತು.

"ಫ್ರಿಜ್ಜಿನಲ್ಲಿ ಏನೂ ಇಲ್ಲ. ಹೋಗುವಾಗ ಖುಬೂಸ್ ರೊಟ್ಟಿ ತೆಗೊ" ಎಂದು ಒಳಗೆ ನಡೆದಳು.

ಅವಳು ತಿರುಗಿ ಬರಬಹುದೆಂದು ಕೊನ್ರಾಡ್ ವಿಮಾನ ಹೊರಡುವವರೆಗೂ ಅಲ್ಲೇ ಕುಳಿತಿದ್ದ.

ವಾರದ ರಜೆ ಮುಗಿದು ಭಾನುವಾರ ಆಫೀಸಿನಲ್ಲಿ ಅಮರೇಶನೇ ಅವನ ಮೇಜಿನ ಬಳಿ ಬಂದ.

"ಸಿಟ್ಟಾಗಬ್ಯಾಡ್ರಿ. ಬುಧವಾರ ಕಟ್ಟಡದ ಇನ್‌ಸ್ಪೆಕ್ಷನ್ ಅದ. ಕಂಪನಿ ಮಾಲಕ, ನಮ್ಮ ಕಫೀಲ್, ಕೇಳಿದ, ಗಂಡ ಹೆಂಡ್ತಿ ಇಬ್ರೂ ಹೊಂಟಾರ, ತಿರುಗಿ ಬರ್ತಾರಂತ ಹೊಣಿ ಯಾರು ಅಂತ. ನಾ ಹೊಣಿ ಅನ್ನಾಕ ಧೈರ್ಯ ಆಗ್ಲಿಲ್ರೀ."

"ಒಂದು ಫೋನ್ ಆದರೂ ಎತ್ತಬಹುದಿತ್ತು."

"ಎತ್ತಿದ್ರ ಸುಳ್ಳ ಹೇಳಬೇಕಾಗತಿತ್ತು." ಅಮರೇಶ ಕುರ್ಚಿ ಎಳೆದು ಕುಳಿತ. "ಇಸಾಬೆಲ್ ಅಕ್ಕಾರು ಭಾಳ ಬೇಜಾರ್ ಮಾಡ್ಕೊಂಡ್ರೇನು?"

"ಅವಳು ಹೋದಳು."

"ಒಬ್ಬರ ಹೋದ್ರೇನು?" ಅಮರೇಶನ ಮುಖ ಹಗುರಾಯಿತು. "ಚಲೋ ಆತು ಬಿಡ್ರಿ. ಟಿಕೆಟ್ ಒಂದರ ಉಪಯೋಗ ಆತಲ್ಲ."

ಮಂಗಳವಾರ ಮಧ್ಯಾಹ್ನ ಇನ್‌ಸ್ಪೆಕ್ಷನ್ ಎರಡು ವಾರ ಮುಂದೆ ಹೋಯಿತು. ತಪಾಸಣೆಗೆ ಬರಬೇಕಿದ್ದ ಕನ್ಸಲ್ಟೆಂಟ್ ಕಂಪನಿಯ ಎಂಜಿನಿಯರ್ ರಜೆಯಲ್ಲಿ ಊರಿಗೆ ಹೋಗಿದ್ದ. ಅವನಿಗೆ ಪರ್ಮಿಟ್ ಸಿಕ್ಕಿತ್ತು.

ಬುಧವಾರ ಸಂಜೆ ರಿಗ್ಗೈ ಬಡಾವಣೆಯ ಅವರ ಫ್ಲ್ಯಾಟಿಗೆ ಇಸಾಬೆಲ್‌ಳ ವೀಡಿಯೊ ಕರೆ ಬಂತು. ಮುಖ ಬಿಸಿಲಿಗೆ ಕೆಂಪಾಗಿತ್ತು. ತೊಟ್ಟಿದ್ದು ಕೊನ್ರಾಡನ ಟೀ ಶರ್ಟ್. ಅವಳ ಹಿಂದೆ ಕಲ್ಲಿನ ಗೋಡೆಗೆ ಒರಗಿಸಿದ ಸೈಕಲ್ ಇತ್ತು.

"ಹೇಗಿತ್ತು?"

"ಗಾಳಿ ಜೋರು. ಒಮ್ಮೆ ಬಿದ್ದೆ."

"ಪೆಟ್ಟಾಯ್ತಾ?"

"ಮೊಣಕಾಲು ತರಚಿತು. ಅಲ್ಲಿಯ ಒಬ್ಬ ಅಜ್ಜ ನೀರು ಕೊಟ್ಟ. ಎಂತ ಹೇಳಿದನೋ ದೇವರಿಗೇ ಗೊತ್ತು, ಬಯ್ದ ಹಾಗೆ ಇತ್ತು."

"ಒಬ್ಬಳೇ ಹೋಗಲಿಕ್ಕೆ ಹೆದರಿಕೆ ಆಗಲಿಲ್ಲವಾ?"

"ಮೊದಲ ದಿನ ಆಯ್ತು. ಇವತ್ತು ಮೂರನೇ ಸುತ್ತು."

ನೀನು ಇರಬೇಕಿತ್ತು ಎಂದು ಅವಳು ಹೇಳಬಹುದೆಂದು ಕೊನ್ರಾಡ್ ಕಾದ. ಅವಳು ನೀರು ಕುಡಿದು ಬಾಟಲಿಯ ಮುಚ್ಚಳ ಹಾಕಿದಳು.

"ನೀನು ಮೆಸೇಜಿನಲ್ಲಿ ಹೇಳಿದ ಇನ್‌ಸ್ಪೆಕ್ಷನ್ ಇವತ್ತಲ್ಲವಾ? ಆಯ್ತಾ?"

ಕೊನ್ರಾಡ್ ಕಿಟಕಿಯ ಕಡೆ ನೋಡಿದ.

"ಆಯ್ತು" ಎಂದ. "ಎಲ್ಲ ಪಾಸ್. ನಾನು ಇದ್ದದ್ದು ಒಳ್ಳೆಯದಾಯ್ತು. ಇಲ್ಲದಿದ್ದರೆ ಕಷ್ಟ ಇತ್ತು."

"ಹಾಗಾದರೆ ಸರಿ" ಎಂದಳು ಇಸಾಬೆಲ್. ಕಡಲನ್ನು ತೋರಿಸದೆಯೇ ಫೋನ್ ಇಟ್ಟಳು.