ನೆಗ್ಗಿಲಮುಳ್ಳಿನ ಕಷಾಯ

ಕಾಲು ಬಾತಿದ್ದಕ್ಕೆ ಹುಲಿಗೆವ್ವ ಗಂಡ ಮಲಕಪ್ಪನಿಗೆ ಮೂರು ದಿನದಿಂದ ನೆಗ್ಗಿಲಮುಳ್ಳಿನ ಕಷಾಯ ಕುಡಿಸುತ್ತಿದ್ದಳು. ಉಚ್ಚೆ ಕಟ್ಟೊಡೆದಂತೆ ಹೋಗಿ ಬಾವು ಇಳಿದಿತ್ತು. ಆದರೆ ಗಾರೆ ಕೆಲಸದ ಅವನಿಗೆ ಏಳನೇ ಮಹಡಿಯಿಂದ ಗಳಿಗೆಗೊಮ್ಮೆ ಇಳಿಯುವುದೇ ಪೀಡೆಯಾಯಿತು. ಮೇಸ್ತ್ರಿಯ ಬೈಗುಳಕ್ಕೆ ಹೆದರಿ ಹನಿ ನೀರೂ ಕುಡಿಯದೆ ಬಿಸಿಲಲ್ಲಿ ದುಡಿದ.

ನಿನ್ನೆ ಮಧ್ಯಾಹ್ನದಿಂದ ಉಚ್ಚೆಯೇ ಇಲ್ಲ. ಬೆಳಗ್ಗೆ ಚಿಂಬಲ್‌ನ ಕೂಲಿಕಾರರ ಚಾಳಿನ ಪಾಯಖಾನೆಯಲ್ಲಿ ಕೂತವನ ನಾಲಿಗೆ ಅಂಗುಳಕ್ಕೆ ಅಂಟಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವ ಪಕ್ಕದ ಖೋಲಿಯ ಅಪ್ಪಾಸಾಬನ ಮುಖ ಕಣ್ಣಿಗೆ ಕಟ್ಟಿತು.

ತಗಡಿನ ಬಾಗಿಲಾಚೆ ನಿಂತು ಹುಲಿಗೆವ್ವ ಕೂಗಿದಳು: “ಬಂತೇನ್ರೀ? ಸಪ್ಪಳನ ಇಲ್ಲಲ್ರೀ! ದವಾಖಾನಿಗೆ ಹೋಗೂಣು ನಡೀರಿ.”

ದವಾಖಾನೆಯೆಂದರೇ ಜೀವ ಬಾಯಿಗೆ ಬರುವ ಮಲಕಪ್ಪ, ತಂಬಿಗೆಯ ನೀರನ್ನು ಸಪ್ಪಳ ಕೇಳುವಂತೆ ಸಣ್ಣಗೆ ಸುರಿದ.

ಹೊರಗೆ ಹುಲಿಗೆವ್ವ ಹಿಗ್ಗಿದಳು: “ಯವ್ವಾ, ಬಂತು! ತಡೀರಿ, ಇನ್ನೊಂದು ಲೋಟ ಕಷಾಯ ಕುದಸ್ತೇನಿ!”